‘ನಿನ್ನೌನ’ ಆದಮ್ಯಾಲ ಮುಂದೇನು ಬರೀಲಿ?

ಒಂದು ಭಾನುವಾರ ವಿಜಯಪುರದ ಗೋಳಗುಮ್ಮಟದಾಗ ನನ್ನ ತಂಗಿಯ ಮಗ ಒಂದೇ ಒಂದು ಸಲ ಬೈದ. ಅದು ಏಳು ಸಲ ಕೇಳಿಸಿತು. ಉಳಿದ ಆರರಲ್ಲಿ ಹುಡುಗನ ಕೈವಾಡ ಏನೂ ಇಲ್ಲ. ಮೊಹಮ್ಮದ್ ಆದಿಲ್‌ಶಾಹನ ಗೋರಿಯ ಮೇಲೆ ಅಷ್ಟು ದೊಡ್ಡ ಗುಮ್ಮಟ ಕಟ್ಟಿದವರು 1656ರ ಹೊತ್ತಿಗೇ ಅದರ ವ್ಯವಸ್ಥೆ ಮಾಡಿಟ್ಟು ಹೋಗಿದ್ದರು.

ಆದದ್ದು ಇಷ್ಟು. ಹುಡುಗ ಮತ್ತು ಅವನ ಗೆಳೆಯ ಮಿನಾರಿನ ಏಳೂ ಅಂತಸ್ತು ಹತ್ತಿ ಮೇಲಿನ ಗ್ಯಾಲರಿಗೆ ಹೋಗಿದ್ದಾರೆ. ಗೆಳೆಯ ಎಲ್ಲೋ ಮರೆಯಾದ. ಇವನು ಗೋಡೆಗೆ ಬಾಯಿ ಹಚ್ಚಿ, “ಲೇ ಮಗನ, ನಿನ್ನೌನ, ಎಲ್ಲಿ ಅದೀಲೇ?” ಅಂದ. ಎದುರಿನ ಬದಿಯಲ್ಲಿ ಬೆಂಗಳೂರಿನ ಗೃಹಸ್ಥರೊಬ್ಬರು, ಗೈಡ್ ಹೇಳಿಕೊಟ್ಟಂತೆ ಗೋಡೆಗೆ ಕಿವಿ ಹಚ್ಚಿ ನಿಂತಿದ್ದರು. ಆಚೆಯಿಂದ ಮಗಳು ಪಿಸುಗುಟ್ಟುವ ‘ಅಪ್ಪಾ’ ಕೇಳಬೇಕಿತ್ತು, ಬಂದದ್ದು ಇದು. ಪಕ್ಕದಲ್ಲೇ, ಮೊಣಕಾಲು ನೋವು ನುಂಗಿಕೊಂಡು ಮೇಲೆ ಹತ್ತಿ ಬಂದ ಅವರ ತಾಯಿ.

ಮಧ್ಯಾಹ್ನ ನನಗೆ ಫೋನು. “ಮಾಮಾ, ಲಗೂನ ಸ್ಟೇಷನ್ನಿಗೆ ಬಾ.”

ಹೋದೆ. ಒಳಗೆ ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಗೋಡೆಯ ಪಕ್ಕದ ಬೆಂಚಿನ ಮೇಲೆ ಸೆರಗನ್ನು ಅರ್ಧ ಮುಖಕ್ಕೆಳೆದುಕೊಂಡು ಒಬ್ಬಾಕೆ ಕೂತಿದ್ದಳು. ಮುಂಜಾನೆಯಿಂದ ಕೂತಿದ್ದಾಳೆ ಅಂತ ಆಮೇಲೆ ತಿಳಿಯಿತು. ಸದ್ಯಕ್ಕೆ ಎಲ್ಲರ ಕಣ್ಣೂ ಗುಮ್ಮಟದ ಕೇಸಿನ ಮೇಲೆ.

ರೈಟರ್ ಪೆನ್ನಿನ ಟೊಪಗಿ ತೆಗೆದು ಕೇಳಿದರು: “ಏನಂತ ಬೈದ? ಇದ್ದದ್ದ ಇದ್ದಂಗ ಹೇಳ್ರಿ.”

“ಅದನ್ನ ಹೇಗೆ ಹೇಳೋದು ಸಾರ್? ನಮ್ಮ ತಾಯಿ ಇಲ್ಲೇ ಇದ್ದಾರೆ.”

“ಹೇಳೋ,” ಅಂದರು ಅಜ್ಜಿ. “ಏಳು ಸಲ ಕೇಳಿದೀನಿ. ಎಂಟನೇದಕ್ಕೇನಾಗುತ್ತೆ?”

ಗೃಹಸ್ಥರು ದನಿ ತಗ್ಗಿಸಿದರು. “ನಿನ್ನೌನ ಅಂದ.”

“ನಿನ್ನೌನ…” ರೈಟರ್ ಬರೆದುಕೊಂಡು ತಲೆ ಎತ್ತಿದರು. “ಮುಂದ?”

“ಮುಂದೆ, ಎಲ್ಲಿದ್ದೀಯ ಅಂದ.”

“ಅದಲ್ರಿ. ನಿನ್ನೌನ… ಏನು?”

ಉತ್ತರವಿಲ್ಲ. ಪೆನ್ನು ಹುಡುಗನ ಕಡೆ ತಿರುಗಿತು. “ನೀ ಹೇಳಪಾ. ಮುಂದಿಂದು ಏನು?”

“ಮುಂದ ಏನಿಲ್ರೀ ಸಾಹೇಬ್ರ. ನಿನ್ನೌನ, ಅಷ್ಟ.”

ಶಾಲೆಯಲ್ಲಿ ಷಷ್ಠೀ ವಿಭಕ್ತಿ ಕಲಿತವರಿಗೆ ರೈಟರ್ ಕಷ್ಟ ಗೊತ್ತಾಗುತ್ತದೆ. ಎತ್ತಿನ ಕೊಂಬು, ಮನೆಯ ಮಾಳಿಗೆ, ಅವ್ವನ… ಏನು? ರೊಟ್ಟಿಯೇ, ಸೀರೆಯೇ, ಔಷಧದ ಚೀಟಿಯೇ? ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಯ ಗಂಡಸರು ದಿನಕ್ಕೆ ಎಷ್ಟು ಸಲವೋ ಈ ಅರ್ಧ ವಾಕ್ಯ ಆಡುತ್ತಾರೆ. ಯಾರೂ ಅದನ್ನು ಪೂರ್ತಿ ಮಾಡಿದ್ದಿಲ್ಲ. ನಾಮಪದ ನುಂಗಿದ್ದೀವಿ, ಆದ್ದರಿಂದ ನಾವು ಸಭ್ಯರು! ಅಪ್ಪನಿಗೆ ಅದೇ ವಿಭಕ್ತಿ ಹಚ್ಚಿ ನೋಡಿ: “ನಿಮ್ಮಪ್ಪಂದೇನಲೇ ರಸ್ತೆ?” ಅಪ್ಪನ ಮುಂದೆ ರಸ್ತೆ ಬರುತ್ತದೆ, ಹೊಲ ಬರುತ್ತದೆ, ಕಟ್ಟೆ ಬರುತ್ತದೆ. ಜಗಳದಲ್ಲೂ ಆಸ್ತಿ ಅವನ ಹೆಸರಿಗೇ. ಎಲ್ಲೋ ಮನೆಯಲ್ಲಿ ರೊಟ್ಟಿ ಬಡಿಯುತ್ತ ಕೂತ ಅವ್ವನ ಪಾಲಿಗೆ ಮಾತ್ರ ಬರೀ ಖಾಲಿ ಜಾಗ, ಅದನ್ನು ಕೇಳಿದವರು ತಮ್ಮ ತಮ್ಮ ಯೋಗ್ಯತೆಗೆ ತಕ್ಕಂತೆ ತುಂಬಿಕೊಳ್ಳಬೇಕು.

ಇನ್ನು ‘ಲೇ’ ಮತ್ತು ‘ಮಗನ’. ಇವನ್ನು ಫಿರ್ಯಾದಿಯಲ್ಲಿ ಸೇರಿಸಬೇಕೋ ಬೇಡವೋ ಅನ್ನುವುದರ ಮೇಲೆ ಕಾಲು ತಾಸು ಚರ್ಚೆಯಾಯಿತು. ಅಯ್ಯಾ ಅಂದರೆ ಸ್ವರ್ಗ, ಎಲವೋ ಅಂದರೆ ನರಕ ಅಂತ ಇದೇ ಜಿಲ್ಲೆಯ ಬಾಗೇವಾಡಿಯ ಬಸವಣ್ಣನವರು ಹೇಳಿದ್ದು ನಿಜ. ಆ ಲೆಕ್ಕ ಹಿಡಿದರೆ ನಮ್ಮೂರ ಬಸ್‌ಸ್ಟ್ಯಾಂಡು ಬೆಳಿಗ್ಗೆ ಆರಕ್ಕೇ ನರಕ. ನಮ್ಮಲ್ಲಿ ‘ಮಗನ, ಯಾವಾಗ ಬಂದೀಲೇ’ ಅಂದವನು ಚಹಾ ಕುಡಿಸುತ್ತಾನೆ. ಹತ್ತು ವರ್ಷದ ಗೆಳೆಯ ಒಮ್ಮಿಂದೊಮ್ಮೆ “ಬರ್ರಿ, ಕೂಡ್ರಿ” ಅಂದರೆ ಎದೆ ಧಸಕ್ ಅನ್ನುತ್ತದೆ: ಒಂದೋ ಕೊಟ್ಟ ರೊಕ್ಕ ಕೇಳುವವನಿದ್ದಾನೆ, ಇಲ್ಲಾ ನಾಳೆ ಕೋರ್ಟಿನಲ್ಲಿ ಭೇಟಿ. ಇದನ್ನು ಬೆಂಗಳೂರಿನವರಿಗೆ ವಿವರಿಸಲು ಹೋದೆ. “ಪ್ರೀತಿಯಿಂದ ಬೈಯೋದಾ?” ಅಂತ ಅವರು ನನ್ನನ್ನೇ ಆರೋಪಿ ನಂಬರ್ ಎರಡು ಅನ್ನುವ ಹಾಗೆ ನೋಡಿದರು. ತಪ್ಪೇನಿಲ್ಲ ಬಿಡಿ. ಎಲ್ಲ ಬೈಗುಳಕ್ಕೂ ‘ನಮ್ಮ ಕಡೆ ಪ್ರೀತಿಗೆ ಹಂಗ ಅಂತೀವ್ರಿ’ ಅನ್ನುವ ಪಾಟಿಯನ್ನು ನಾವೂ ಜರಾ ಜಾಸ್ತಿಯೇ ತೂಗುಹಾಕಿಕೊಂಡಿದ್ದೇವೆ.

ಅಷ್ಟರಲ್ಲಿ ರೈಟರ್ ಕಲಂ ಹುಡುಕುತ್ತಿದ್ದರು. 2024ರ ಜುಲೈ 1ರಿಂದ ದಂಡ ಸಂಹಿತೆ ಹೋಗಿ ನ್ಯಾಯ ಸಂಹಿತೆ ಬಂದಿದೆ, ಹಳೇ 504 ಈಗ 352, ಹಳೇ 294 ಈಗ 296. ಬೈಗುಳ ಅವೇ ಅದಾವ, ನಂಬರ್ ಬದಲಾಗಿದೆ. 296 ಅಶ್ಲೀಲದ್ದು, ಮೂರು ತಿಂಗಳ ಸಜೆ. ಆದರೆ ಬರೀ ಬೈದರೆ ಅದು ಅಶ್ಲೀಲವಾಗುವುದಿಲ್ಲ, ಕೇಳಿದವರಲ್ಲಿ ಕಾಮ ಕೆರಳಬೇಕು ಅಂತ ಸುಪ್ರೀಂ ಕೋರ್ಟು 2022ರಲ್ಲೇ ಹೇಳಿಯಾಗಿದೆ. ರೈಟರ್ ಒಮ್ಮೆ ಅಜ್ಜಿಯನ್ನು ನೋಡಿದರು, ಆ ಕಲಂ ಕೈಬಿಟ್ಟರು. ಉಳಿದದ್ದು 352. ಶಾಂತಿ ಕದಡುವ ಹಾಗೆ ಬೇಕಂತಲೇ ಅವಮಾನ ಮಾಡಿರಬೇಕು, ಅಂದ ಮಾತು ಯಾವುದು ಅನ್ನುವುದು ಗೊತ್ತಿರಬೇಕು. ಇದೂ 2023ರ ಸುಪ್ರೀಂ ಕೋರ್ಟಿನ ಮಾತು. ಎಂಥ ಇಕ್ಕಟ್ಟು ನೋಡಿ. ಅವಾಚ್ಯ ಅಂದರೆ ಆಡಬಾರದ್ದು. ಬರೀ ‘ಅವಾಚ್ಯ ಶಬ್ದಗಳಿಂದ ನಿಂದಿಸಿ’ ಅಂತ ಬರೆದರೆ ಕೇಸು ನಿಲ್ಲುವುದಿಲ್ಲ, ಪೂರ್ತಿ ಬರೆಯೋಣವೆಂದರೆ ಆರೋಪಿ ಪೂರ್ತಿ ಬೈದಿಲ್ಲ.

“ಏಳು ಸಲ ಅಂದಿದ್ದಾನೆ ಅಂತಾದ್ರೂ ಬರ್ಕೊಳ್ಳಿ,” ಅಂದರು ಗೃಹಸ್ಥರು.

“ಒಂದ ಸಲಾರೀ,” ಅಂದ ಅಳಿಯ. “ಉಳಿದ ಆರು ಪುರಾತತ್ವ ಇಲಾಖೇದು.”

ಅಲ್ಲೇ ಕೂತು ನಾನು ಗೋಡೆಗಳ ಬಗ್ಗೆ ಯೋಚಿಸುತ್ತಿದ್ದೆ. ಈ ದೇಶದಲ್ಲಿ ಬೈಗುಳದ ಅರ್ಥ ಇರುವುದು ಅದು ಬಡಿದ ಗೋಡೆಯಲ್ಲಿ. ಗುಮ್ಮಟದ ಗೋಡೆಗೆ ಬಡಿದರೆ ಏಳಾಗುತ್ತದೆ. ಬೆಳಗಾವಿಯ ಸುವರ್ಣ ವಿಧಾನಸೌಧದ ಗೋಡೆಗೆ ಬಡಿದರೆ ಶೂನ್ಯವಾಗುತ್ತದೆ, ಕಡತದಿಂದ ತೆಗೆದುಹಾಕಿದರೆ ಅಂದದ್ದು ಅಂದ ಹಾಗೇ ಅಲ್ಲ. 2012ರಲ್ಲಿ ಉದ್ಘಾಟನೆಯಾದ ಆ ಸೌಧದಲ್ಲಿ ಚಳಿಗಾಲಕ್ಕೆ ಹತ್ತು ಹನ್ನೆರಡು ದಿನ ಅಧಿವೇಶನ, ಉಳಿದ ದಿನ ಗೋಡೆಗಳಿಗೆ ವಿಶ್ರಾಂತಿ. 2024ರ ಡಿಸೆಂಬರ್‌ನಲ್ಲಿ ಅಲ್ಲಿನ ಮೇಲ್ಮನೆಯಲ್ಲಿ ಸದಸ್ಯರೊಬ್ಬರು ಸಚಿವೆಯೊಬ್ಬರಿಗೆ ಒಂದು ಶಬ್ದ ಅಂದರೆಂದು ಆರೋಪ ಬಂತು. ಅಂದಿಲ್ಲ ಅಂದರು ಅವರು. ಬಂಧನವಾಯಿತು, ಮರುದಿನವೇ ಬಿಡುಗಡೆಗೆ ಹೈಕೋರ್ಟು ಆದೇಶ ಮಾಡಿತು. ಆಮೇಲೆ ನಡೆದ ಜಗಳ ಆ ಶಬ್ದ ಒಬ್ಬ ಹೆಣ್ಣುಮಗಳಿಗೆ ಏನು ಮಾಡುತ್ತದೆ ಅನ್ನುವುದರ ಮೇಲಲ್ಲ. ಅದು ಸಭಾಪತಿಗಳ ಗೋಡೆಯೊಳಗಿನದೋ ಪೊಲೀಸರ ಗೋಡೆಯೊಳಗಿನದೋ ಅನ್ನುವುದರ ಮೇಲೆ! ಸದನದಲ್ಲಿ ಆಡಿದ ಮಾತಿಗೆ ಕೋರ್ಟಿನಲ್ಲಿ ಕೇಸಿಲ್ಲ ಅನ್ನುವ ಸಂವಿಧಾನದ 194ನೇ ವಿಧಿ ಊರೂರ ಚಹಾದಂಗಡಿಯಲ್ಲೂ ಬಾಯಿಪಾಠವಾಯಿತು.

ದಿಲ್ಲಿಯ ಗೋಡೆ ಇನ್ನೂ ನಾಜೂಕು. 2022ರ ಜುಲೈಯಲ್ಲಿ ಲೋಕಸಭೆಯ ಸಚಿವಾಲಯ ಅಸಂಸದೀಯ ಪದಗಳ ಪಟ್ಟಿಯೊಂದನ್ನು ಹೊರಡಿಸಿತು. ಅದರಲ್ಲಿ ಕತ್ತೆಯಿದೆ, ನಾಟಕವಿದೆ, ಮೊಸಳೆ ಕಣ್ಣೀರಿದೆ. ‘ಅಬ್ಯೂಸ್ಡ್’ ಅನ್ನುವ ಪದವೂ ಇದೆ. ಅಂದರೆ ಬೈಸಿಕೊಂಡವನು ಎದ್ದುನಿಂತು ‘ನನ್ನ ಬೈದರು’ ಅಂದರೆ ಆ ಮಾತೂ ಕಡತದಿಂದ ಹೊರಗೆ ಹೋದೀತು. ಯಾವ ಪದಕ್ಕೂ ನಿಷೇಧವಿಲ್ಲ, ಹಿಂದೆ ತೆಗೆದುಹಾಕಿದವನ್ನು ಒಂದೆಡೆ ಕೂಡಿಸಿದ್ದೇವೆ ಅಷ್ಟೇ ಅಂತ ಸ್ಪೀಕರ್ ಸಾಹೇಬರು ಸಮಾಧಾನ ಹೇಳಿದರು. ಕತ್ತೆಗಳ ಕಡೆಯಿಂದ ಪ್ರತಿಕ್ರಿಯೆ ಬಂದಿಲ್ಲ.

ಜಾತಿ ಹಿಡಿದು ಬೈಯುವ ಬೈಗುಳದಲ್ಲಿ ನನಗೆ ನಗೆ ಹುಟ್ಟುವುದಿಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಆದರೆ ಅಲ್ಲೂ ಗೋಡೆ: ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಆಗಿರಬೇಕು, ಹೊರಗಿನವರು ಯಾರೂ ಇಲ್ಲದ ನಾಲ್ಕು ಗೋಡೆಯೊಳಗಿನದು ಆ ಕಲಮಿಗೆ ಬರುವುದಿಲ್ಲ ಅಂತ 2020ರ ತೀರ್ಪು. ಬೈದವನು ಹೊರಗೆ ಇಣುಕಿ, ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಬೈದರೆ ಆಯಿತು.

ನಾಲ್ಕು ಗೋಡೆಯೊಳಗೇ ಹೊಕ್ಕ ಕಾಯ್ದೆಯೂ ಒಂದಿದೆ, 2005ರ ಕೌಟುಂಬಿಕ ಹಿಂಸೆಯದು. ಹೊಡೆತ ಬಡಿತವಷ್ಟೇ ಅಲ್ಲ, ಖರ್ಚಿಗೆ ಕೊಡದಿರುವುದೂ ಹಿಂಸೆ, ಹೀಯಾಳಿಸುವುದೂ ಹಿಂಸೆ. ಮಕ್ಕಳಾಗಿಲ್ಲ, ಗಂಡುಮಗು ಹಡೆದಿಲ್ಲ ಅಂತ ಆಡಿಕೊಳ್ಳುವುದನ್ನು ಅದರಲ್ಲಿ ಬಿಡಿಸಿಯೇ ಬರೆದಿದ್ದಾರೆ. ಓದಲು ಬಲು ಚಂದದ ಕಾಯ್ದೆ.

ಕಡೆಗೆ ಗುಮ್ಮಟದ ಕೇಸು ರಾಜಿಯಾಯಿತು. ಹುಡುಗ ಅಜ್ಜಿಯ ಕಾಲಿಗೆ ಬಿದ್ದ. ಗೃಹಸ್ಥರು ಕೈಕುಲುಕಿದರು. ಚಹಾ ತರಿಸಿದ್ದು ನಾನು. ಹೊರಡುವಾಗ ಅಜ್ಜಿ ಹುಡುಗನ ಕಿವಿಯ ಹತ್ತಿರ ಬಗ್ಗಿ, “ಅಲ್ಲಪ್ಪಾ, ಮುಂದೇನು ಅಂತ ಹೇಳ್ಬಿಡು. ಕೇಳ್ಕೊಂಡು ಬಸ್ ಹತ್ತುತೀನಿ,” ಅಂದರು. ಇಡೀ ಸ್ಟೇಷನ್ನು ನಕ್ಕಿತು. ಬೆಂಚಿನ ಮೇಲಿದ್ದಾಕೆ ನಗಲಿಲ್ಲ.

ರೈಟರ್ ಹಾಳೆ ಹರಿದು ಬುಟ್ಟಿಗೆ ಹಾಕಿ, ಹೊಸ ಹಾಳೆ ತೆಗೆದು ಅತ್ತ ತಿರುಗಿದರು.

“ಹಾಂ, ನಿಂದೇನವಾ ತಂಗಿ? ಗಂಡಂದ ಅಲ್ಲಾ? ಏನಂತ ಬೈತಾನ?”

“ಬೈಯೂದಿಲ್ರೀ ಸಾಹೇಬ್ರ.”

“ಮತ್ತ?”

“‘ಬಾರ ನಮ್ಮವ್ವಾ’ ಅಂತಾನ್ರೀ. ಒಳಗ ಕರ್ಕೊಂಡು ಬಾಗಲಾ ಹಾಕ್ತಾನ.”

ರೈಟರ್ ‘ಬಾರ ನಮ್ಮವ್ವಾ’ ಅಂತ ಬರೆದುಕೊಂಡರು. ಆಮೇಲೆ ಪೆನ್ನು ಅಲ್ಲೇ ನಿಂತಿತು.

“ಇದರಾಗ ಅವಾಚ್ಯ ಎಲ್ಲೈತವಾ?”