ಆಟಿಯ ಮಳೆ, ಅತ್ತೆಯ ಸಟ್ಟುಗ

ಡಿಸಿಯವರು ಮಳೆಗೆ ರಜೆ ಕೊಟ್ಟರೆ ಮಂಗಳೂರಿನ ಮಕ್ಕಳಿಗೆ ಹಬ್ಬ. ಅಮ್ಮಂದಿರಿಗೆ ಬೆಳಗ್ಗಿನಿಂದಲೇ "ತಿನ್ಲಿಕ್ಕೆ ಎಂತ ಉಂಟು?" ಎಂಬ ವಿಚಾರಣೆ. ತುಳುವರ ಮಳೆಗಾಲದ ತಿಂಗಳಾದ ಈ ಆಟಿಯಲ್ಲಿ ಅಂಥದೊಂದು ರಜೆಯಂದು ನನ್ನ ಮಗಳಿಗೆ ಪಕ್ಕದ ಮನೆ ಆಂಟಿಯ ಕುಸ್ವಾರ್ ನೆನಪಾಯಿತು. ಕ್ರಿಸ್ಮಸ್‌ಗೆ ಅವರು ಕಳಿಸುವ ಈ ತಿಂಡಿಗಳ ತಟ್ಟೆಯಲ್ಲಿ ನೆವ್ರ್ಯೊ, ಕಿಡಿಯೊ, ಗುಳಿಯೊಗಳ ನಡುವೆ ನಾಲ್ಕೇ ನಾಲ್ಕು ತುಂಡು ಚಾಕಲೇಟ್ ಫಡ್ಜ್ ಇರುತ್ತದೆ. ಆ ನಾಲ್ಕಕ್ಕೆ ನಮ್ಮಲ್ಲಿ ಪ್ರತಿ ವರ್ಷ ಪಂಚಾಯಿತಿ. ಡಿಸೆಂಬರ್‌ವರೆಗೆ ಕಾಯಲು ಅವಳು ತಯಾರಿರಲಿಲ್ಲ.

ಮಿಲ್ಕ್‌ಮೇಡ್ ಸುರಿದು ಐದು ನಿಮಿಷದಲ್ಲಿ ಮುಗಿಸುವ ಫಡ್ಜನ್ನು ನಾನು ಫಡ್ಜ್ ಎನ್ನುವುದಿಲ್ಲ. ಹಳೇ ಕ್ರಮದ್ದಕ್ಕೆ 3 ಕಪ್ ಸಕ್ಕರೆ, ಒಂದೂವರೆ ಕಪ್ ಹಾಲು, ಮುಕ್ಕಾಲು ಕಪ್ಪಿಗೆ ತುಸು ಕಡಿಮೆ ಕೋಕೋ, ಚಿಟಿಕೆ ಉಪ್ಪು, ಕೊನೆಗೆ ಬೆಣ್ಣೆ ಮತ್ತು ವೆನಿಲ್ಲಾ. ಕೋಕೋ ನಮ್ಮದೇ ಜಿಲ್ಲೆಯ ಬೆಳೆ. ಅಡಿಕೆ ತೋಟದ ನೆರಳಿನಲ್ಲಿ ಬೆಳೆಯುತ್ತದೆ, ಪುತ್ತೂರಿನಲ್ಲಿ 1986ರಿಂದ ಕ್ಯಾಂಪ್ಕೊದ ಚಾಕಲೇಟ್ ಕಾರ್ಖಾನೆಯೇ ಉಂಟು. ಹಾಗಾಗಿ ಸಾಮಾನಿನ ವಿಷಯದಲ್ಲಿ ತಕರಾರಿಲ್ಲ. ತಕರಾರು ಇರುವುದು ಜನರದ್ದು.

ಪಾಕ ಕುದಿ ಬಂದ ಮೇಲೆ ಅದನ್ನು ಕದಡಬಾರದು, 112ರಿಂದ 115 ಡಿಗ್ರಿಗೆ ಬಂದಾಗ ಇಳಿಸಬೇಕು. ಬೆಣ್ಣೆ, ವೆನಿಲ್ಲಾ ಮೇಲಿಂದ ಹಾಕಿ, ಸುಮಾರು 43 ಡಿಗ್ರಿಗೆ ತಣಿಯುವವರೆಗೆ ಪಾತ್ರೆಯನ್ನು ಮುಟ್ಟಲೇಬಾರದು. ಬಿಸಿಯಲ್ಲಿ ಕೈಯಾಡಿಸಿದರೆ ಸಕ್ಕರೆ ದೊಡ್ಡ ಹರಳು ಕಟ್ಟುತ್ತದೆ. ತಣಿದ ಮೇಲೆ ಬಡಿದರೆ ಹರಳು ಸಣ್ಣದಾಗಿ, ಫಡ್ಜ್ ನುಣ್ಣಗಾಗುತ್ತದೆ. ಇಷ್ಟೇ ಗುಟ್ಟು. ಆದರೆ ಜನ್ಮವಿಡೀ ಬಾಳೆಹಣ್ಣಿನ ಹಲ್ವ ಮಗುಚಿದ ಅತ್ತೆಯವರಿಗೆ, ಒಲೆಯ ಮೇಲಿನ ಸಿಹಿಯನ್ನು ಸುಮ್ಮನೆ ಬಿಡುವುದೆಂದರೆ ಹೆತ್ತ ಮಗುವನ್ನು ಬಸ್‌ಸ್ಟ್ಯಾಂಡಿನಲ್ಲಿ ಬಿಟ್ಟು ಬಂದ ಹಾಗೆ.

"ಸುಮ್ಮನೆ ನಿಂತು ಎಂತ ನೋಡ್ತಿ? ತಳ ಹಿಡೀತದೆ!"

"ಮಗುಚಬಾರದಂತೆ ಅತ್ತೆ."

"ಯಾರು ಹೇಳಿದ್ದು?"

ಹೇಳಿದವರು ಅಮೆರಿಕದವರು. 1886ರಲ್ಲಿ ಬಾಲ್ಟಿಮೋರ್‌ನ ಒಂದು ಅಂಗಡಿಯಲ್ಲಿ ಫಡ್ಜನ್ನು ಪೌಂಡಿಗೆ 40 ಸೆಂಟಿನಂತೆ ಮಾರುತ್ತಿದ್ದರೆಂದು ವಾಸರ್ ಕಾಲೇಜಿನ ಎಮೆಲಿನ್ ಹಾರ್ಟ್ರಿಜ್ ಪತ್ರದಲ್ಲಿ ಬರೆದಿದ್ದಾಳೆ. ಮಾಡುವ ಕ್ರಮ ಕೈಗೆ ಸಿಕ್ಕಿದ್ದೇ, 1888ರಲ್ಲಿ ಕಾಲೇಜಿನ ಹರಾಜಿಗೆಂದು 30 ಪೌಂಡ್ ಮಾಡಿದಳಂತೆ. ಮಾಡಿಯಾಳು. ಕಾಲೇಜಿನಲ್ಲಿ ಅತ್ತೆಯಂದಿರು ಇರುವುದಿಲ್ಲ.

ಇವರು ಉತ್ಸಾಹದಿಂದ ಜ್ವರದ ಥರ್ಮಾಮೀಟರ್ ಹಿಡಿದು ಬಂದರು. ಅದರ ಗೆರೆಗಳು 42ಕ್ಕೇ ಮುಗಿಯುತ್ತವೆ ಎಂದು ತೋರಿಸಿ ವಾಪಸು ಕಳಿಸಿದೆ. ತಣ್ಣೀರಿನ ಬಟ್ಟಲಿಗೆ ಒಂದು ತೊಟ್ಟು ಪಾಕ ಬಿಟ್ಟು, ಬೆರಳಿಗೆ ಮೆತ್ತನೆ ಉಂಡೆ ಸಿಕ್ಕಿದಾಗ ಇಳಿಸಿದೆ. ಮಳೆಗಾಲದ ಗಾಳಿಯಲ್ಲಿ ಸಕ್ಕರೆ ನೀರೆಳೆಯುತ್ತದೆಂದು ಉಂಡೆ ಚೂರು ಗಟ್ಟಿಯೇ ಇರಲೆಂದು ಬಿಟ್ಟಿದ್ದೆ. ಅಷ್ಟರಲ್ಲಿ ಅಂಗಳದ ಬಟ್ಟೆ ನೆನೆಯುತ್ತಿದೆ ಎಂದು ಮಗಳು ಕೂಗಿದಳು. ಓಡಿದೆ. ವಾಪಸು ಬಂದಾಗ ಅತ್ತೆಯವರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ಸಟ್ಟುಗ ಮಾತ್ರ ಪಾತ್ರೆಯೊಳಗಿತ್ತು.

"ಒಂದೇ ಸುತ್ತು" ಎಂದರು.

ಒಂದೇ ಸುತ್ತಿಗೆ ಫಡ್ಜ್ ಮರಳಾಯಿತು. ಅದಕ್ಕೂ ಮದ್ದುಂಟು: ನೀರು ಹಾಕಿ, ಸಕ್ಕರೆ ಪೂರ್ತಿ ಕರಗಿಸಿ, ಮೊದಲಿನಿಂದ ಕುದಿಸುವುದು. ಈ ಸಲ ಅಡುಗೆಮನೆ ಬಾಗಿಲು ಹಾಕಿಕೊಂಡೆ. ಹೊರಗಿನಿಂದ "ತಳ ವಾಸನೆ ಬರ್ತಾ ಉಂಟು" ಎಂಬ ವೀಕ್ಷಕ ವಿವರಣೆ ನಿಲ್ಲಲಿಲ್ಲ. ನಮ್ಮ ಸೆಕೆಗೆ ಪಾಕ ತಣಿಯುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು.

ಬಡಿಯುವ ಕೆಲಸ ಇವರಿಗೆ ಕೊಟ್ಟೆ. ಪಾಕದ ಹೊಳಪು ಮಾಸಿದ ಕ್ಷಣದಲ್ಲೇ ತಟ್ಟೆಗೆ ಸುರಿಯಬೇಕು; ತಡವಾದರೆ ಪಾತ್ರೆಯಲ್ಲೇ ಗಟ್ಟಿ. ಹೊಳಪು ಮಾಸಿತು, ಇವರ ಮೊಬೈಲೂ ಹೊಡೆಯಿತು. ಆಫೀಸಿನದ್ದು. "ಹಾಂ ಸರ್" ಎನ್ನುತ್ತ ವರಾಂಡಕ್ಕೆ ಹೋದವರು ಪಾತ್ರೆಯನ್ನೂ ಜೊತೆಗೇ ಒಯ್ದರು! ವಾಪಸು ಬಂದಾಗ ಸಟ್ಟುಗ ನಡುವಲ್ಲಿ ನೆಟ್ಟಗೆ ನಿಂತಿತ್ತು, ಎಳೆದರೆ ಪಾತ್ರೆಯೇ ಮೇಲೆ ಬರುತ್ತಿತ್ತು.

ಮಳೆ ತುಸು ಬಿಟ್ಟಾಗ ಪಕ್ಕದ ಮನೆ ಆಂಟಿ ಬಂದರು. "ಆಟಿಯಲ್ಲಿ ಯಾರಾದ್ರೂ ಕುಸ್ವಾರ್ ಮಾಡ್ತಾರಾ ಮಾರಾಯ್ತಿ?" ಎಂದು ನಕ್ಕು, ಅಂಚಿನಿಂದ ಒಂದು ಚೂರು ಕೆತ್ತಿ ಬಾಯಿಗಿಟ್ಟರು. ನಾವೆಲ್ಲ ಅವರ ದವಡೆಯನ್ನೇ ನೋಡುತ್ತಿದ್ದೆವು.

"ಪಾಕ ಒಳ್ಳೇದುಂಟು. ತುಂಡು ಮಾಡ್ಲಿಕ್ಕೆ ಎಂತ ಮಾಡ್ತೀರಿ?"

ಅತ್ತೆಯವರು ಆಗಲೇ ಮೆಟ್ಟುಕತ್ತಿ ತರಲು ಎದ್ದಿದ್ದರು.