ಪೇಸ್ಟ್ ಬಂದ ಮೇಲೇ ಹಲ್ಲು ಹುಳುಕಾಯ್ತಾ?

‘ಪೇಸ್ಟ್ ಬರುವ ಮೊದಲು ಯಾರಿಗೂ ಹುಳುಕು ಹಲ್ಲು ಇರಲಿಲ್ಲ’ ಅನ್ನುವ ಫಾರ್ವರ್ಡ್ ಮತ್ತೆ ಓಡಾಡುತ್ತಿದೆ. ಇದು ಸುಳ್ಳು. ಮೊರಾಕೊದ ತಫೊರಾಲ್ಟ್ ಗುಹೆಯಲ್ಲಿ ಸಿಕ್ಕ, 13,000 ವರ್ಷಕ್ಕೂ ಹಳೆಯ ಹಲ್ಲುಗಳಲ್ಲಿ ಅರ್ಧದಷ್ಟು ಹುಳುಕಾಗಿದ್ದವು. ಆ ಜನ ಪಿಷ್ಟ ತುಂಬಿದ ಓಕ್ ಕಾಯಿ ತಿನ್ನುತ್ತಿದ್ದರು. ಹಲ್ಲಿಗೆ ಅಂಟಿದ ಬ್ಯಾಕ್ಟೀರಿಯಾಗಳು ಸಕ್ಕರೆ, ಪಿಷ್ಟ ತಿಂದು ಆಮ್ಲ ಬಿಡುತ್ತವೆ. ಹಲ್ಲು ಕರಗುವುದು ಅದರಿಂದ. ಹುಳ ಗಿಳ ಏನೂ ಇಲ್ಲ.

ಹುಳುಕು ಜೋರಾಗಿ ಏರಿದ್ದು ಸಕ್ಕರೆ ಅಗ್ಗವಾದಾಗ. ಎರಡನೇ ಮಹಾಯುದ್ಧದಲ್ಲಿ ಸಕ್ಕರೆ ಸಿಗದಿದ್ದಾಗ ನಾರ್ವೆ, ಜಪಾನಿನ ಮಕ್ಕಳಲ್ಲಿ ಅದು ಇಳಿಯಿತು. 1970ರ ನಂತರ ಶ್ರೀಮಂತ ದೇಶಗಳಲ್ಲಿ ಹುಳುಕು ಕಡಿಮೆಯಾಗಿದ್ದಕ್ಕೆ ದೊಡ್ಡ ಕಾರಣ ಫ್ಲೋರೈಡ್ (ಆಮ್ಲದಿಂದ ಹಲ್ಲು ಕಾಪಾಡುವ ಖನಿಜ) ಇರುವ ಪೇಸ್ಟೇ! ಪಾವಗಡದ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿಯಾಗಿ ಹಲ್ಲು ಕಂದಾಗುವುದು ಬೇರೆ ಕಥೆ, ಅದು ಹುಳುಕಲ್ಲ.

ಅಜ್ಜಿಯ ಹಲ್ಲು ಗಟ್ಟಿ ಇತ್ತು, ಸರಿ. ಆದರೆ ಅವರ ಕಾಲದಲ್ಲಿ ಹೊತ್ತುಹೊತ್ತಿಗೂ ಬಿಸ್ಕತ್ತು, ಚಾಕೊಲೇಟ್ ಇರಲಿಲ್ಲ ಅಲ್ವಾ?