ಇಂಗ್ಲೆಂಡಿನ ಜಂಟಿ ಮನೆ: ನಿಮ್ಮ ಸಹಿ ಯಾರ ಕೈಯಲ್ಲಿದೆ?

ರೆಡಿಂಗ್‌ನಲ್ಲೋ ಮಿಲ್ಟನ್ ಕೀನ್ಸ್‌ನಲ್ಲೋ ಗಂಡ-ಹೆಂಡತಿ ಇಬ್ಬರ ಹೆಸರಿನಲ್ಲಿ ಮನೆ ಇರುತ್ತದೆ. ಒಬ್ಬರು ಬೆಂಗಳೂರಿಗೆ ವಾಪಸ್ ಬಂದಿರುತ್ತಾರೆ. ಸಂಬಂಧ ಹಳಸುತ್ತಿದ್ದಂತೆ ಏಳುವ ಮೊದಲ ಭಯ, ‘ನನಗೆ ಗೊತ್ತಾಗದ ಹಾಗೆ ಮಾರಿಬಿಟ್ಟರೆ?’ ಆಗ ನೆಂಟರಿಷ್ಟರು ಕೊಡುವ ಸಲಹೆಗಳೆಲ್ಲ ನಮ್ಮ ಸಬ್‌ರಿಜಿಸ್ಟ್ರಾರ್ ಕಚೇರಿಯ ಅನುಭವದಿಂದ ಬಂದವು. ಪೇಪರಿನಲ್ಲಿ ಪಬ್ಲಿಕ್ ನೋಟಿಸ್ ಕೊಡಿಸು, ಕೇವಿಯಟ್ ಹಾಕಿಸು, ಮೂಲಪತ್ರ ನಿನ್ನ ಬೀರುವಿನಲ್ಲೇ ಇರಲಿ. ಈ ಮೂರರಲ್ಲಿ ಒಂದೂ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ನೋಂದಣಿಯಾದ ಮನೆಯ ಒಡೆತನ ಲ್ಯಾಂಡ್ ರಿಜಿಸ್ಟ್ರಿ ಎಂಬ ಸರ್ಕಾರಿ ಭೂ ನೋಂದಣಿ ಸಂಸ್ಥೆಯ ಕಂಪ್ಯೂಟರಿನಲ್ಲಿದೆ. 2003ರ ಅಕ್ಟೋಬರ್ 13ರಂದು ಹೊಸ ಕಾಯ್ದೆ ಜಾರಿಗೆ ಬಂದ ಮೇಲೆ ಹಳೆಯ ಲ್ಯಾಂಡ್ ಸರ್ಟಿಫಿಕೇಟಿಗೆ ಕಾಗದದ ಬೆಲೆಯೂ ಉಳಿದಿಲ್ಲ. ಬೀರುವಿನಲ್ಲಿ ಅದನ್ನಿಟ್ಟುಕೊಂಡು ನೆಮ್ಮದಿಯಾಗಿರುವವರನ್ನು ಕಂಡರೆ ಸಂಕಟವಾಗುತ್ತದೆ.

ನಾನಿಲ್ಲಿ ಬರೆಯುತ್ತಿರುವುದು ಇಂಗ್ಲೆಂಡ್ ಮತ್ತು ವೇಲ್ಸ್ ಬಗ್ಗೆ ಮಾತ್ರ. ಸ್ಕಾಟ್ಲೆಂಡಿನ ರಿಜಿಸ್ಟರೂ ಬೇರೆ, ಕಾನೂನೂ ಬೇರೆ.

ಮೊದಲು ಸಮಾಧಾನದ ಸುದ್ದಿ. ನಮ್ಮಲ್ಲಿ ಸಹಮಾಲೀಕರೊಬ್ಬರು ತಮ್ಮ ಅವಿಭಜಿತ ಪಾಲನ್ನು ಇನ್ನೊಬ್ಬರಿಗೆ ಬರೆದುಕೊಡಬಹುದು, ಕೊಂಡವರು ಆಮೇಲೆ ವಿಭಾಗದ ದಾವೆ ಹೂಡಬಹುದು. ಅಲ್ಲಿ 1925ರ ಲಾ ಆಫ್ ಪ್ರಾಪರ್ಟಿ ಆಕ್ಟ್ ಪ್ರಕಾರ ದಾಖಲೆಯ ಒಡೆತನವನ್ನು ತುಂಡು ಮಾಡಲು ಬರುವುದಿಲ್ಲ. ದಾಖಲೆಯಲ್ಲಿ ಗರಿಷ್ಠ ನಾಲ್ಕು ಜನರ ಹೆಸರಿರಬಹುದು, ಎಷ್ಟು ಜನರಿದ್ದಾರೋ ಅಷ್ಟೂ ಜನ ಟಿಆರ್ 1 ಎಂಬ ವರ್ಗಾವಣೆ ಪತ್ರಕ್ಕೆ ಸಾಕ್ಷಿಯ ಎದುರು ಸಹಿ ಹಾಕಬೇಕು. ಅಂದರೆ ನಿಮ್ಮ ಹೆಸರು ರಿಜಿಸ್ಟರಿನಲ್ಲಿದ್ದರೆ ನಿಮ್ಮ ಸಹಿಯಿಲ್ಲದೆ ಮನೆ ಮಾರಾಟವಾಗುವುದಿಲ್ಲ.

ಹಾಗಾದರೆ ಮನೆಗಳು ಕೈತಪ್ಪುವುದು ಹೇಗೆ? ನಿಮ್ಮ ಸಹಿ ಬೇರೆ ದಾರಿಯಿಂದ ಬಂದಾಗ. ನೀವೇ ಕೊಟ್ಟ ಪವರ್ ಆಫ್ ಅಟಾರ್ನಿಯಿಂದ ಬರಬಹುದು, ಖೋಟಾ ಆಗಿ ಬರಬಹುದು, ಕೋರ್ಟಿನಿಂದಲೂ ಬರಬಹುದು. ಇಲ್ಲವೇ ನಿಮ್ಮ ಹೆಸರು ರಿಜಿಸ್ಟರಿನಲ್ಲಿ ಇರಲೇ ಇಲ್ಲ ಎಂದು ತಡವಾಗಿ ಗೊತ್ತಾಗುತ್ತದೆ.

ಆದ್ದರಿಂದ ಮೊದಲ ಕೆಲಸ ರಿಜಿಸ್ಟರಿನ ಪ್ರತಿ ತೆಗೆಯುವುದು. ಸರ್ಕಾರದ ಜಾಲತಾಣದಲ್ಲೇ ತೆಗೆಯಿರಿ, 7 ಪೌಂಡ್. ಹುಡುಕಾಟದಲ್ಲಿ ಮೇಲೆ ಬರುವ ಖಾಸಗಿ ತಾಣಗಳು ಅದೇ ಕಾಗದಕ್ಕೆ ನಾಲ್ಕೈದು ಪಟ್ಟು ವಸೂಲಿ ಮಾಡುತ್ತವೆ. ಪ್ರತಿಯಲ್ಲಿ ಎ, ಬಿ, ಸಿ ಎಂದು ಮೂರು ಭಾಗಗಳಿರುತ್ತವೆ: ಆಸ್ತಿಯ ವಿವರ, ಮಾಲೀಕರು, ಸಾಲ ಮತ್ತು ಹೊರೆಗಳು. ‘ಬಿ’ ಭಾಗವನ್ನು ನಿಧಾನವಾಗಿ ಓದಿ. ಹೆಸರಿನ ಕಾಗುಣಿತ ನಿಮ್ಮ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇದೆಯೇ? ಹೆಸರಿನ ಪಕ್ಕದಲ್ಲಿ ಯಾವ ವಿಳಾಸ ಇದೆ? ಕೆಳಗೆ ‘ರಿಸ್ಟ್ರಿಕ್ಷನ್’, ಅಂದರೆ ನೋಂದಣಿಗೆ ನಿರ್ಬಂಧ, ಎಂದು ಏನಾದರೂ ಬರೆದಿದೆಯೇ?

ಆ ವಿಳಾಸವೇ ಬಹಳ ಜನ ಎಡವುವ ಜಾಗ. ಯಾರಾದರೂ ತಕರಾರು ಎತ್ತಬಹುದಾದ ಅರ್ಜಿ ಬಂದಾಗ ಲ್ಯಾಂಡ್ ರಿಜಿಸ್ಟ್ರಿ ನೋಟಿಸ್ ಕಳಿಸುವುದು ರಿಜಿಸ್ಟರಿನಲ್ಲಿರುವ ವಿಳಾಸಕ್ಕೆ. ಹೆಚ್ಚಿನವರ ವಿಷಯದಲ್ಲಿ ಅದು ಆ ಮನೆಯದೇ ವಿಳಾಸ. ಮನೆಯಲ್ಲಿ ಈಗ ಇರುವವರು ಯಾರು? ನೀವು ಯಾರಿಗೆ ಹೆದರುತ್ತಿದ್ದೀರೋ ಅವರೇ. ನಿಮ್ಮ ಹೆಸರಿನ ಲಕೋಟೆ ಅವರ ಕೈಗೆ ಹೋಗುತ್ತದೆ, ಉತ್ತರಿಸುವ ಗಡುವು ಮುಗಿಯುತ್ತದೆ, ನಿಮಗೆ ಸುದ್ದಿಯೇ ಇಲ್ಲ. ಸಿಒಜಿ 1 ಎಂಬ ಫಾರ್ಮ್ ತುಂಬಿ ಮೂರು ವಿಳಾಸಗಳವರೆಗೆ ಕೊಡಬಹುದು. ಒಂದಾದರೂ ಅಂಚೆ ವಿಳಾಸ ಇರಬೇಕು, ಅದು ಜಯನಗರದ್ದಾದರೂ ನಡೆಯುತ್ತದೆ. ಇನ್ನೊಂದು ಇಮೇಲ್ ಇರಲಿ. ಶುಲ್ಕವಿಲ್ಲ.

ಅದರ ಜೊತೆಗೆ ಪ್ರಾಪರ್ಟಿ ಅಲರ್ಟ್ ಸೇವೆಗೆ ಹೆಸರು ಕೊಡಿ. ಇದೂ ಉಚಿತ, ಹತ್ತು ಆಸ್ತಿಗಳವರೆಗೆ ಸೇರಿಸಬಹುದು, ಇಂಡಿಯಾದಲ್ಲಿ ಕೂತೇ ಮಾಡಬಹುದು. ನಿಮ್ಮ ಮನೆಯ ಮೇಲೆ ಯಾರಾದರೂ ಅಧಿಕೃತ ಸರ್ಚ್ (ಕೊಳ್ಳುವ ಮುನ್ನ ಮಾಡಿಸುವ ರಿಜಿಸ್ಟರ್ ತಪಾಸಣೆ) ಹಾಕಿದರೆ ಅಥವಾ ಅರ್ಜಿ ಕೊಟ್ಟರೆ ಇಮೇಲ್ ಬರುತ್ತದೆ. ಏನು ನಡೆಯಿತು, ಅರ್ಜಿದಾರ ಯಾರು, ಯಾವ ದಿನ, ಎಷ್ಟು ಗಂಟೆಗೆ ಎಂಬುದು ಅದರಲ್ಲಿರುತ್ತದೆ. ಆದರೆ ಇದು ಏನನ್ನೂ ತಡೆಯುವುದಿಲ್ಲ, ಬರೀ ಸುದ್ದಿ ಕೊಡುತ್ತದೆ. ಕೊಳ್ಳುವವರ ವಕೀಲರು ಸರ್ಚ್ ಹಾಕಿದ ಕೂಡಲೇ ಅವರಿಗೆ 30 ಕೆಲಸದ ದಿನಗಳ ಆದ್ಯತೆ ಸಿಗುತ್ತದೆ, ಆ ಅವಧಿಯಲ್ಲಿ ನೀವು ಹೊಸದಾಗಿ ಹಾಕಿಸುವ ನಮೂದು ಅವರ ಅರ್ಜಿಯ ಹಿಂದೆ ನಿಲ್ಲಬೇಕು. ದಾಖಲೆಯಲ್ಲಿ ಹೆಸರಿದ್ದವರಿಗೆ ಆ ಇಮೇಲ್ ಸಾಕು, ‘ನಾನು ಸಹಿ ಹಾಕಿಲ್ಲ, ಹಾಕುವುದೂ ಇಲ್ಲ’ ಎಂದು ಆ ವಕೀಲರಿಗೂ ಲ್ಯಾಂಡ್ ರಿಜಿಸ್ಟ್ರಿಗೂ ಅಂದೇ ಬರೆದರೆ ವ್ಯವಹಾರ ನಿಲ್ಲುತ್ತದೆ. ಹೆಸರಿಲ್ಲದವರಿಗೆ ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ಅವರು ಮುಂಚೆಯೇ ನಮೂದು ಹಾಕಿಸಿರಬೇಕು.

ಈಗ ಪವರ್ ಆಫ್ ಅಟಾರ್ನಿ. ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ತೂತು ಇದು. ಊರಿಗೆ ಹೊರಡುವ ಗಡಿಬಿಡಿಯಲ್ಲಿ ‘ಬ್ಯಾಂಕಿನ ಕೆಲಸಕ್ಕೆ ಬೇಕಾಗುತ್ತೆ, ಸಹಿ ಹಾಕಿರು’ ಅಂದರೆ ಹಾಕಿಬಿಡುತ್ತೇವೆ. ಇಲ್ಲವೇ ಇಲ್ಲಿ ನೋಟರಿ ಮಾಡಿಸಿ, ಅಪೊಸ್ಟಿಲ್ ಹಾಕಿಸಿ, ಕೊರಿಯರ್‌ನಲ್ಲಿ ಕಳಿಸುತ್ತೇವೆ. ಇಂಗ್ಲೆಂಡಿನ ಕಾನೂನು ಇಲ್ಲೊಂದು ಸಣ್ಣ ಅಡ್ಡಗೋಡೆ ಕಟ್ಟಿದೆ: ಮನೆ ಮಾರಿದ ಹಣಕ್ಕೆ ಕನಿಷ್ಠ ಇಬ್ಬರು ರಸೀದಿ ಕೊಡಬೇಕು. 1999ರ ಟ್ರಸ್ಟೀ ಡೆಲಿಗೇಷನ್ ಆಕ್ಟಿನ 7ನೇ ಸೆಕ್ಷನ್ ಪ್ರಕಾರ ಒಬ್ಬನೇ ವ್ಯಕ್ತಿ ತನ್ನ ಪರವಾಗಿಯೂ ನಿಮ್ಮ ಅಟಾರ್ನಿಯಾಗಿಯೂ ಎರಡು ಸಹಿ ಹಾಕಿದರೆ ಅದು ಇಬ್ಬರ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಸಹಮಾಲೀಕರಾದ ಗಂಡನಿಗೇ ಕೊಟ್ಟ ಅಧಿಕಾರ ಪತ್ರದ ಮೇಲೆ ಮಾರಾಟ ಮಾಡಹೊರಟರೆ ಕೊಳ್ಳುವವರ ವಕೀಲರೇ ಬೇಡ ಅನ್ನುತ್ತಾರೆ. ಆದರೆ ಅಧಿಕಾರ ಪತ್ರ ಮೈದುನನ ಹೆಸರಿನಲ್ಲಿದ್ದರೆ? ಗಂಡನದೊಂದು ಸಹಿ, ಮೈದುನನದೊಂದು ಸಹಿ. ಇಬ್ಬರಾದರು, ಮನೆ ಹೋಯಿತು.

ಕೊಡಲೇಬೇಕಾದರೆ ಒಂದು ಆಸ್ತಿಗೆ, ಒಂದು ಕೆಲಸಕ್ಕೆ, ಒಂದು ಕೊನೆಯ ದಿನಾಂಕದೊಂದಿಗೆ ಕೊಡಿ. ‘ಮಾರಾಟ, ಅಡಮಾನ, ವರ್ಗಾವಣೆ ಮಾಡುವ ಅಧಿಕಾರ ಇಲ್ಲ’ ಎಂದು ಸ್ಪಷ್ಟವಾಗಿ ಬರೆಸಿ. ಕೊಟ್ಟಾಗಿದ್ದರೆ ರದ್ದತಿ ಪತ್ರವನ್ನು ಡೀಡ್ ಆಗಿ, ಅಂದರೆ ಸಾಕ್ಷಿಯ ಎದುರು ಸಹಿ ಮಾಡಿದ ವಿಧಿವತ್ತಾದ ಪತ್ರವಾಗಿ, ಮಾಡಿಸಿ ಅಟಾರ್ನಿಗೆ ತಲುಪಿಸಿ. ಅಷ್ಟಕ್ಕೇ ನಿಲ್ಲಬೇಡಿ. ರದ್ದಾದ ವಿಷಯ ಗೊತ್ತಿಲ್ಲದೆ ವ್ಯವಹಾರ ಮಾಡಿದವರಿಗೆ 1971ರ ಪವರ್ಸ್ ಆಫ್ ಅಟಾರ್ನಿ ಆಕ್ಟ್ ರಕ್ಷಣೆ ಕೊಡುತ್ತದೆ. ಹಾಗಾಗಿ ಸಾಲ ಕೊಟ್ಟ ಬ್ಯಾಂಕಿಗೆ, ಎಸ್ಟೇಟ್ ಏಜೆಂಟರಿಗೆ, ಗೊತ್ತಿರುವ ವಕೀಲರಿಗೆ ಎಲ್ಲರಿಗೂ ಪ್ರತಿ ಹೋಗಲಿ.

ಖೋಟಾ ಸಹಿಯ ವಿಷಯ. 2021ರಲ್ಲಿ ಲೂಟನ್‌ನಲ್ಲಿ ಒಬ್ಬ ಪಾದ್ರಿ ಕೆಲಸದ ಮೇಲೆ ನಾರ್ತ್ ವೇಲ್ಸ್‌ನಲ್ಲಿದ್ದಾಗ ನೆರೆಯವರು ಫೋನ್ ಮಾಡಿ ಮನೆಯಲ್ಲಿ ಯಾರೋ ಇದ್ದಾರೆ, ದೀಪ ಉರಿಯುತ್ತಿದೆ ಎಂದರು. ಬಂದು ನೋಡಿದರೆ ಒಳಗೆ ಸಾಮಾನಿಲ್ಲ, ಜಮಖಾನವೂ ಇಲ್ಲ. ಅವರ ಹೆಸರಿನ ನಕಲಿ ಡ್ರೈವಿಂಗ್ ಲೈಸೆನ್ಸ್ ತೋರಿಸಿ ಯಾರೋ 1,31,000 ಪೌಂಡಿಗೆ ಮನೆ ಮಾರಿದ್ದರು. ಇಂಥದ್ದಕ್ಕೆ ಇರುವ ತಡೆ ಎಂದರೆ ಫಾರ್ಮ್ ಎಲ್‌ಎಲ್ ರಿಸ್ಟ್ರಿಕ್ಷನ್: ಸಹಿ ಹಾಕಿದವರು ನಿಜವಾದ ಮಾಲೀಕರೇ ಎಂದು ವಕೀಲರು ಪ್ರಮಾಣಪತ್ರ ಕೊಡುವವರೆಗೆ ಏನನ್ನೂ ನೋಂದಾಯಿಸುವಂತಿಲ್ಲ. ಆ ಮನೆಯಲ್ಲಿ ವಾಸವಿಲ್ಲದ ಮಾಲೀಕರು ಆರ್‌ಕ್ಯೂ ಫಾರ್ಮಿನಲ್ಲಿ ಉಚಿತವಾಗಿ ಕೇಳಬಹುದು. ಜಂಟಿ ಮಾಲೀಕರಿಬ್ಬರೂ ಸಹಿ ಮಾಡಿಕೊಟ್ಟರೆ ತಕರಾರೇ ಇರುವುದಿಲ್ಲ. ಸಂಬಂಧ ಚೆನ್ನಾಗಿರುವಾಗಲೇ ಇದನ್ನು ಮಾಡಿಸಿಡಿ ಅನ್ನುವುದು ಅದಕ್ಕೇ.

ಇನ್ನು ಎಲ್ಲರ ಬಾಯಲ್ಲೂ ಇರುವ ‘ಫಾರ್ಮ್ ಎ’ ರಿಸ್ಟ್ರಿಕ್ಷನ್. ಇದರ ಬಗ್ಗೆ ತಪ್ಪು ತಿಳಿವಳಿಕೆಯೇ ಹೆಚ್ಚು. ಜಾಯಿಂಟ್ ಟೆನೆಂಟ್ಸ್ (ಬಾಡಿಗೆದಾರರಲ್ಲ, ಪಾಲು ವಿಂಗಡಿಸದ ಜಂಟಿ ಮಾಲೀಕರು) ಆಗಿ ಕೊಂಡಿದ್ದರೆ ಒಬ್ಬರು ತೀರಿಕೊಂಡ ಕ್ಷಣ ಇಡೀ ಮನೆ ಉಳಿದವರದು, ನಿಮ್ಮ ವಿಲ್‌ನಲ್ಲಿ ಏನೇ ಬರೆದಿರಲಿ. ಇದನ್ನು ಒಡೆಯಲು ಇನ್ನೊಬ್ಬರ ಒಪ್ಪಿಗೆ ಬೇಕಿಲ್ಲ. ‘ಇಂದಿನಿಂದ ಜಂಟಿ ಒಡೆತನವನ್ನು ಬೇರ್ಪಡಿಸುತ್ತಿದ್ದೇನೆ’ ಎಂದು ಲಿಖಿತ ನೋಟಿಸ್ ಕೊಟ್ಟರೆ ಸಾಕು. ರೆಕಾರ್ಡೆಡ್ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ, ಎಸ್‌ಇವಿ ಫಾರ್ಮಿನ ಜೊತೆ ಲ್ಯಾಂಡ್ ರಿಜಿಸ್ಟ್ರಿಗೆ ಕಳಿಸಿ. ಶುಲ್ಕವಿಲ್ಲ. ಆಗ ‘ಬಿ’ ಭಾಗದಲ್ಲಿ ಫಾರ್ಮ್ ಎ ವಾಕ್ಯ ಬಂದು ಕೂರುತ್ತದೆ. ಅದರ ಸಾರ ಇಷ್ಟು: ಮಾಲೀಕರು ಒಬ್ಬರೇ ಆಗಿರುವಾಗ, ಹಣ ಕೈಸೇರುವಂಥ ಯಾವ ವ್ಯವಹಾರವನ್ನೂ ಕೋರ್ಟಿನ ಆದೇಶವಿಲ್ಲದೆ ನೋಂದಾಯಿಸಬಾರದು.

ಓದಿ ನೋಡಿ, ನಿಮ್ಮ ಒಪ್ಪಿಗೆ ಬೇಕು ಎಂದು ಅದರಲ್ಲಿ ಎಲ್ಲೂ ಇಲ್ಲ. ನೀವು ತೀರಿಕೊಂಡ ಮೇಲೆ ಉಳಿದವರು ತಮಗೆ ಬೇಕಾದ ಒಬ್ಬರನ್ನು ಎರಡನೇ ಟ್ರಸ್ಟಿಯಾಗಿ, ಅಂದರೆ ದಾಖಲೆಯ ಇನ್ನೊಬ್ಬ ಮಾಲೀಕರಾಗಿ, ನೇಮಿಸಿಕೊಂಡು ಮನೆ ಮಾರಬಹುದು, ಕೊಂಡವರಿಗೆ ಚೊಕ್ಕ ಒಡೆತನ ಸಿಗುತ್ತದೆ. ನಿಮ್ಮ ಮಕ್ಕಳ ಹಕ್ಕು ಮನೆಯಿಂದ ಹಣಕ್ಕೆ ಜಿಗಿಯುತ್ತದೆ, ಆ ಹಣದ ಬೆನ್ನು ಹತ್ತುವುದು ಅವರ ಪಾಡು. ಫಾರ್ಮ್ ಎ ಕಾಯುವುದು ಪಾಲನ್ನು, ಮನೆಯನ್ನಲ್ಲ. ಇನ್ನೂ ಎರಡು ಎಚ್ಚರಿಕೆ. ಜಾಯಿಂಟ್ ಟೆನೆಂಟ್ಸ್ ಎಂದೇ ಬರೆಸಿಕೊಂಡವರು ಬೇರ್ಪಡಿಸಿದರೆ ಪಾಲು ಸಮಸಮ, ನೀವು ಮುಕ್ಕಾಲು ಹಣ ಹಾಕಿದ್ದರೂ ಸರಿಯೇ. ಬೇರ್ಪಡಿಸಿದ ಮರುದಿನವೇ ವಿಲ್ ಬರೆಯಿರಿ. ವಿಲ್ ಇಲ್ಲದೆ ಹೋದರೆ ಆ ಮನೆಯ ಪಾಲಿಗೆ ಅನ್ವಯಿಸುವುದು ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲ, ಇಂಗ್ಲೆಂಡಿನ ಉತ್ತರಾಧಿಕಾರ ಕಾನೂನು.

ನಿಜವಾಗಿ ‘ಇವರ ಒಪ್ಪಿಗೆಯಿಲ್ಲದೆ ಮಾರಬಾರದು’ ಎಂಬ ಕಟ್ಟು ಬೇಕಿದ್ದರೆ ಕೊಳ್ಳುವಾಗಲೇ ಡಿಕ್ಲರೇಷನ್ ಆಫ್ ಟ್ರಸ್ಟ್ (ಯಾರ ಪಾಲೆಷ್ಟು, ಷರತ್ತೇನು ಎಂದು ಹೇಳುವ ಪತ್ರ) ಬರೆಸಿ, ಅದರಲ್ಲಿ ಆ ಷರತ್ತು ಹಾಕಿಸಿ, ಫಾರ್ಮ್ ಬಿ ಅಥವಾ ಫಾರ್ಮ್ ಎನ್ ರಿಸ್ಟ್ರಿಕ್ಷನ್ ದಾಖಲಿಸಬೇಕು. ವಕೀಲರ ಫೀಸು ಕೊಡಬೇಕಾಗುತ್ತದೆ. ಜಗಳವಾದ ಮೇಲೆ ಇನ್ನೊಬ್ಬರ ಸಹಿ ಸಿಗುವುದಿಲ್ಲ.

ಹೆಸರೇ ಇಲ್ಲದವರ ಕತೆ ಬೇರೆ. ಡಿಪೆಂಡೆಂಟ್ ವೀಸಾದಲ್ಲಿ ಹೋದ ಹೆಂಡತಿಗೆ ಸಂಬಳವಿಲ್ಲ, ಗಂಡನ ಸಂಬಳದ ಮೇಲೆ ಸಾಲ, ಗಂಡನ ಹೆಸರಿಗೆ ಮನೆ. ಅವರಿಗಿರುವ ಅಸ್ತ್ರ 1996ರ ಫ್ಯಾಮಿಲಿ ಲಾ ಆಕ್ಟಿನ ಹೋಮ್ ರೈಟ್ಸ್, ಅಂದರೆ ಸಂಗಾತಿಯ ಮನೆಯಲ್ಲಿ ವಾಸಿಸುವ ಹಕ್ಕು. ಎಚ್‌ಆರ್ 1 ಫಾರ್ಮ್, ಶುಲ್ಕವಿಲ್ಲ, ಈಗ ಅಲ್ಲಿ ವಾಸವಿಲ್ಲದಿದ್ದರೂ ಅದು ಸಂಸಾರ ನಡೆಸಿದ ಮನೆಯಾಗಿದ್ದರೆ ಸಾಕು. ಒಮ್ಮೆಗೆ ಒಂದೇ ಮನೆಗೆ ಹಾಕಬಹುದು. ದಾಖಲಾದ ಮೇಲೆ ಗಂಡನಿಗೆ ಪತ್ರ ಹೋಗುತ್ತದೆ, ಅದಕ್ಕೆ ತಯಾರಾಗಿರಿ. ವಿಚ್ಛೇದನದ ಅಂತಿಮ ಆದೇಶದೊಂದಿಗೆ ಈ ಹಕ್ಕು ಮುಗಿಯುತ್ತದೆ, ಬೇಕಿದ್ದರೆ ಅಷ್ಟರೊಳಗೆ ಕೋರ್ಟಿನಿಂದ ಮುಂದುವರಿಸಿಕೊಳ್ಳಬೇಕು. ಜಂಟಿ ಮಾಲೀಕರಾಗಿ ಹೆಸರಿರುವವರಿಗೆ ಇದು ಸಿಗುವುದಿಲ್ಲ, ಅವರು ಸುಮ್ಮನೆ ಎಚ್‌ಆರ್ 1 ತುಂಬಿ ಕಾಯುತ್ತಾ ಕೂರಬಾರದು.

ಹಾಸನದಲ್ಲೋ ಶಿವಮೊಗ್ಗದಲ್ಲೋ ಸೈಟು ಮಾರಿ ಮಗನ ಮನೆಗೆ ಮುಂಗಡ ಕಳಿಸಿದ ಅಪ್ಪ-ಅಮ್ಮಂದಿರು ಇನ್ನೂ ಬಡಪಾಯಿಗಳು. ಸಾಲ ಕೊಡುವ ಬ್ಯಾಂಕು ಅವರಿಂದ ‘ಇದು ಉಡುಗೊರೆ, ಮನೆಯಲ್ಲಿ ನಮಗೆ ಯಾವ ಹಕ್ಕೂ ಇಲ್ಲ’ ಎಂದು ಪತ್ರ ಬರೆಸಿಕೊಳ್ಳುತ್ತದೆ. ಮಗ ವಾಟ್ಸ್ಯಾಪಿನಲ್ಲಿ ಕಳಿಸಿದ ಪಿಡಿಎಫ್‌ಗೆ ಓದದೆ ಸಹಿ ಹಾಕಿರುತ್ತಾರೆ. ಆಮೇಲೆ ಪಾಲು ಕೇಳಿದರೆ ಮೊದಲು ಎದುರು ಬರುವುದು ಆ ಪತ್ರವೇ.

ಕೊನೆಗೆ ಕೋರ್ಟು. ‘ನಾನು ಸಹಿ ಹಾಕಲ್ಲ, ಏನು ಮಾಡ್ತಾರೋ ನೋಡ್ತೀನಿ’ ಎನ್ನುವವರು ಗಮನಿಸಬೇಕು. ಸಹಮಾಲೀಕರು 1996ರ ಟ್ರಸ್ಟ್ಸ್ ಆಫ್ ಲ್ಯಾಂಡ್ ಆಕ್ಟಿನ 14ನೇ ಸೆಕ್ಷನ್ ಅಡಿ ಮಾರಾಟದ ಆದೇಶ ಕೇಳಬಹುದು. ಮನೆ ಯಾವ ಉದ್ದೇಶಕ್ಕೆ ಕೊಂಡದ್ದು, ಅಲ್ಲಿ ಚಿಕ್ಕ ಮಕ್ಕಳಿದ್ದಾರೆಯೇ, ಮನೆಯ ಮೇಲೆ ಸಾಲ ಕೊಟ್ಟವರ ಹಿತವೇನು ಎಂಬುದನ್ನು ಕೋರ್ಟು ನೋಡುತ್ತದೆ. ಸಹಮಾಲೀಕರು ದಿವಾಳಿಯಾದರೆ, ವಿಶೇಷ ಕಾರಣವಿಲ್ಲದ ಹೊರತು ಒಂದು ವರ್ಷದ ನಂತರ ಸಾಲ ಕೊಟ್ಟವರ ಹಿತವೇ ಮೇಲು. ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯದಲ್ಲಿ ವಿಚ್ಛೇದನವಾಗಿದ್ದರೂ 1984ರ ಮ್ಯಾಟ್ರಿಮೋನಿಯಲ್ ಅಂಡ್ ಫ್ಯಾಮಿಲಿ ಪ್ರೊಸೀಡಿಂಗ್ಸ್ ಆಕ್ಟಿನ ಮೂರನೇ ಭಾಗದ ಪ್ರಕಾರ, ಅನುಮತಿ ಪಡೆದು, ಇಂಗ್ಲೆಂಡಿನ ಕೋರ್ಟಿನಲ್ಲಿ ಆ ಮನೆಯ ಬಗ್ಗೆ ಪರಿಹಾರ ಕೇಳಬಹುದು. ಇದು ನಿಮಗೂ ಇರುವ ದಾರಿ, ಅವರಿಗೂ ಇರುವ ದಾರಿ. ಸಮನ್ಸ್ ಬಂದರೆ ‘ಫಾರಿನ್ ಕೋರ್ಟು, ನಮಗೇನು’ ಎಂದು ಮೂಲೆಗೆ ಹಾಕಬೇಡಿ. ಆದೇಶ ಬಂದ ಮೇಲೂ ನೀವು ಸಹಿ ಹಾಕದಿದ್ದರೆ ನಿಮ್ಮ ಪರವಾಗಿ ಟಿಆರ್ 1ಕ್ಕೆ ಸಹಿ ಹಾಕಲು ಕೋರ್ಟು ಬೇರೊಬ್ಬರನ್ನು ನೇಮಿಸುತ್ತದೆ. ಅದರ ಬದಲು ಅಲ್ಲಿನ ವಕೀಲರ ಮೂಲಕ ಹಾಜರಾಗಿ, ಮೌಲ್ಯಮಾಪನ ಮಾಡಿಸಿ ನಿಮ್ಮ ಪಾಲನ್ನು ಅವರೇ ಕೊಳ್ಳಲಿ ಎಂದೋ, ಮಕ್ಕಳಿಗೆ 18 ತುಂಬುವವರೆಗೆ ಮಾರಾಟ ಮುಂದೂಡಿ ಎಂದೋ, ಮಾರಲೇಬೇಕಾದರೆ ನಿಮ್ಮ ಪಾಲಿನ ಹಣ ನೇರವಾಗಿ ನಿಮ್ಮ ವಕೀಲರ ಕ್ಲೈಂಟ್ ಖಾತೆಗೆ ಬರಲಿ ಎಂದೋ ಕೇಳಿ.